ಯಾರಿಗೆ ಹೇಳಲಿ ನನ್ನ ಕಥೆ?

ಉತ್ತರ ಕೋಲ್ಕತ್ತದ ಹಾತಿಬಾಗಾನಿನಲ್ಲಿರುವ ಸ್ಟಾರ್ ಥಿಯೇಟರಿಗೆ ನಟಿ ಬಿನೋದಿನಿ ದಾಸಿಯ ಹೆಸರಿಡುವುದಾಗಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ 2024ರ ಡಿಸೆಂಬರ್ ಕೊನೆಯಲ್ಲಿ ಪ್ರಕಟಿಸಿದರು. ಒಬ್ಬ ನಟಿಗೆ ಕೊಟ್ಟ ಮಾತು 141 ವರ್ಷಗಳ ಮೇಲೆ ಮತ್ತೆ ನೆನಪಾಯಿತು. 1883ರಲ್ಲಿ ಬೀಡನ್ ಸ್ಟ್ರೀಟಿನಲ್ಲಿ ಆ ರಂಗಮಂದಿರ ಎದ್ದು ನಿಂತದ್ದೇ ಬಿನೋದಿನಿಯ ಬದುಕನ್ನು ಒತ್ತೆಯಿಟ್ಟು. ಗುರ್ಮುಖ್ ರಾಯ್ ಎಂಬ ಸಿರಿವಂತ ಯುವಕ ಹಣ ಸುರಿಯಲು ಸಿದ್ಧನಿದ್ದ. ಬಿನೋದಿನಿ ತನ್ನ ಆಶ್ರಯಕ್ಕೆ ಬರಬೇಕೆಂಬುದು ಅವನ ಷರತ್ತು. ನಾಟಕ ಉಳಿಯಲಿ ಎಂದು ತಂಡದವರು ಒತ್ತಾಯಿಸಿದರು, ಆಕೆ ಒಪ್ಪಿದರು. ಮಂದಿರಕ್ಕೆ ನಿನ್ನ ಹೆಸರನ್ನೇ ಇಡುತ್ತೇವೆ ಎಂದು ಜೊತೆಯವರು ನಂಬಿಸಿದ್ದರು. ನೋಂದಣಿಯಾಗಿ ಬಂದಾಗ ಹೆಸರು ‘ಸ್ಟಾರ್’ ಎಂದಾಗಿತ್ತು.

ಮೂರು ವರ್ಷಗಳ ನಂತರ, ಇನ್ನೂ ಇಪ್ಪತ್ತನಾಲ್ಕರ ಆಸುಪಾಸಿನಲ್ಲಿರುವಾಗಲೇ, ಬಿನೋದಿನಿ ರಂಗಭೂಮಿಯನ್ನು ಶಾಶ್ವತವಾಗಿ ಬಿಟ್ಟರು. ಹಾತಿಬಾಗಾನಿನ ಈಗಿನ ಜಾಗಕ್ಕೆ ಸ್ಟಾರ್ ಬಂದದ್ದು 1888ರಲ್ಲಿ. ಅಂದರೆ ಇಂದು ಆಕೆಯ ಹೆಸರು ಹೊರುವ ಮಂದಿರದ ರಂಗದ ಮೇಲೆ ಆಕೆ ಒಮ್ಮೆಯೂ ಬಣ್ಣ ಹಚ್ಚಿ ನಿಂತವರಲ್ಲ. ಬೀಡನ್ ಸ್ಟ್ರೀಟಿನ ಮೂಲ ಕಟ್ಟಡ ಊರು ಬೆಳೆಯುವಾಗ ರಸ್ತೆಯ ಪಾಲಾಯಿತು.

ಆದರೆ ಬಿನೋದಿನಿ ತಮ್ಮ ಹೆಸರನ್ನು ತಾವೇ ಇಟ್ಟುಕೊಂಡ ಇನ್ನೊಂದು ತಾಣವಿದೆ. ಅದು 1912ರಲ್ಲಿ ಹೊರಬಂದ ‘ಆಮಾರ್ ಕಥಾ’ ಎಂಬ ಆತ್ಮಕಥೆ. ನನ್ನ ಮಟ್ಟಿಗೆ, ಕೋಲ್ಕತ್ತದ ಏಕವ್ಯಕ್ತಿ ರಂಗದ ಕಥೆ ಶುರುವಾಗುವುದು ಆ ಪುಸ್ತಕದಿಂದ. ಅಲ್ಲಿ ರಂಗವಿಲ್ಲ, ಬೆಳಕಿಲ್ಲ, ಟಿಕೆಟ್ಟಿಲ್ಲ. ರಂಗದಿಂದ ದೂರವಾಗಿ ಕಾಲು ಶತಮಾನ ಕಳೆದ ಹೆಣ್ಣೊಬ್ಬಳು ಒಂಟಿಯಾಗಿ ಕೂತು ತನ್ನ ಕಥೆ ತಾನೇ ಹೇಳುತ್ತಾಳೆ. ಅದನ್ನು ಓದುವಾಗ ಬರಹವನ್ನು ಓದುತ್ತಿದ್ದೇವೆ ಅನ್ನಿಸುವುದಿಲ್ಲ. ಎದುರಿಗೆ ನಿಂತು ಯಾರೋ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ಕಾರಣ ಸರಳ. ಪುಸ್ತಕದ ಮಾತುಗಳು ‘ಮಹಾಶಯ’ ಎಂದು ಒಬ್ಬರನ್ನು ಕರೆದು ಹೇಳಿದ ಮಾತುಗಳು. ಆ ಮಹಾಶಯ ಬೇರೆ ಯಾರೂ ಅಲ್ಲ, ಆಕೆಯ ಗುರು, ಬಂಗಾಳಿ ವೃತ್ತಿರಂಗಭೂಮಿಯ ದೊಡ್ಡ ಹೆಸರು ಗಿರೀಶ್‌ಚಂದ್ರ ಘೋಷ್.

ಈ ಸಂಬೋಧನೆಯ ಹಿಂದೆ ಎಷ್ಟು ಭಾರವಿದೆಯೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1873ರಲ್ಲಿ ಬೆಂಗಾಲ್ ಥಿಯೇಟರ್ ಬಂಗಾಳಿ ವೃತ್ತಿರಂಗದಲ್ಲಿ ಮೊದಲ ಬಾರಿಗೆ ಹೆಣ್ಣು ಪಾತ್ರಗಳಿಗೆ ಹೆಂಗಸರನ್ನೇ ತಂದಿತು. ಹಾಗೆ ತರಬೇಕೆಂದು ಒತ್ತಿ ಹೇಳಿದವರು ಕವಿ ಮೈಕೇಲ್ ಮಧುಸೂದನ ದತ್ತ. ವೇಶ್ಯಾವಾಟಿಕೆಗಳಿಂದ ಬಂದ ನಟಿಯರೆಂಬ ಕಾರಣಕ್ಕೆ ಆ ರಂಗಮಂದಿರದ ಸಮಿತಿಯಿಂದ ಹೊರನಡೆದವರು ಈಶ್ವರಚಂದ್ರ ವಿದ್ಯಾಸಾಗರ. ವಿಧವೆಯರ ಮರುಮದುವೆಗಾಗಿ ಇಡೀ ಸಮಾಜವನ್ನು ಎದುರು ಹಾಕಿಕೊಂಡ ವಿದ್ಯಾಸಾಗರರಿಗೂ ಈ ಹೆಂಗಸರನ್ನು ರಂಗದ ಮೇಲೆ ಕಾಣುವುದು ಆಗಲಿಲ್ಲ. ಮುಂದಿನ ವರ್ಷ, 1874ರ ಡಿಸೆಂಬರಿನಲ್ಲಿ, ಹನ್ನೊಂದು ಹನ್ನೆರಡರ ಹುಡುಗಿ ಬಿನೋದಿನಿ ಗ್ರೇಟ್ ನ್ಯಾಷನಲ್ ಥಿಯೇಟರಿನಲ್ಲಿ ಮೊದಲ ಪಾತ್ರ ಮಾಡಿದರು. ನಾಟಕ ‘ಶತ್ರುಸಂಹಾರ’, ಪಾತ್ರ ದ್ರೌಪದಿಯ ಸಖಿ. ಅಂದು ಮೈ ನಡುಗಿದ್ದನ್ನು ಆಕೆಯೇ ಬರೆದುಕೊಂಡಿದ್ದಾರೆ. ಕೆಲವೇ ವರ್ಷಗಳಲ್ಲಿ ಅದೇ ಹುಡುಗಿ ಮಧುಸೂದನರ ‘ಮೇಘನಾದವಧ’ದ ರಂಗರೂಪದಲ್ಲಿ ಸೀತೆ, ಪ್ರಮೀಳೆ, ಚಿತ್ರಾಂಗದೆ ಸೇರಿ ಏಳು ಪಾತ್ರಗಳನ್ನು ಒಂದೇ ರಾತ್ರಿಯಲ್ಲಿ ನಿಭಾಯಿಸಿದರು. 1884ರ ಸೆಪ್ಟೆಂಬರಿನಲ್ಲಿ ‘ಚೈತನ್ಯಲೀಲಾ’ದ ಚೈತನ್ಯನಾಗಿ ಆಕೆಯನ್ನು ಕಂಡ ರಾಮಕೃಷ್ಣ ಪರಮಹಂಸರು ನಾಟಕ ಮುಗಿದ ಮೇಲೆ ತಲೆ ಮುಟ್ಟಿ ಹರಸಿದರು.

ಆದರೆ ಆತ್ಮಕಥೆಯ ಬಿನೋದಿನಿ ಹರಕೆ ಪಡೆದ ನಟಿಯಲ್ಲ. ಹದಿಮೂರರ ಹೊಸ್ತಿಲಲ್ಲಿದ್ದ ಮಗಳನ್ನು ಕಳೆದುಕೊಂಡ ತಾಯಿ. ಆ ಮಗಳನ್ನು ಶಾಲೆಗೆ ಸೇರಿಸಲು ಹೋಗಿ, ಹುಟ್ಟಿನ ಕಾರಣಕ್ಕೆ ಬಾಗಿಲು ಮುಚ್ಚಿಸಿಕೊಂಡ ತಾಯಿ. ದಶಕಗಳ ಕಾಲ ಜೊತೆಗಿದ್ದು ಆಸರೆ ಕೊಟ್ಟವರೂ ತೀರಿಕೊಂಡರು. ಆಕೆ ಕೇಳುಗರೆಂದು ನೆಚ್ಚಿದ್ದವರು ಗಿರೀಶರು. ಪುಸ್ತಕಕ್ಕೆ ಮುನ್ನುಡಿ ಬೇಡಿದಾಗ ಗಿರೀಶರು ಬರೆದೂ ಕೊಟ್ಟರು. ಆದರೆ ನಡೆದದ್ದು ಪೂರ್ತಿ ಅದರಲ್ಲಿಲ್ಲ ಎಂದು ಬಿನೋದಿನಿಗೆ ಅನ್ನಿಸಿತು. ಗುರುವಿನ ಮುನ್ನುಡಿ ಒಪ್ಪಿಗೆಯಾಗಲಿಲ್ಲ ಎಂದು ಹೇಳುವ ಧೈರ್ಯ ಆ ಕಾಲದ ಯಾವ ಶಿಷ್ಯೆಗಿತ್ತು? ಇನ್ನೊಮ್ಮೆ ಬರೆದುಕೊಡುತ್ತೇನೆಂದ ಗಿರೀಶರು 1912ರ ಫೆಬ್ರವರಿಯಲ್ಲಿ ತೀರಿಕೊಂಡರು. ‘ಮಹಾಶಯ’ ಎಂದು ಕರೆದ ಮಾತಿಗೆ ಓಗೊಡುವವರು ಇಲ್ಲದೆ ಪುಸ್ತಕ ಅಚ್ಚಾಯಿತು. ಮುಂದಿನ ಆವೃತ್ತಿಯಲ್ಲಿ ಬಿನೋದಿನಿ ತಮಗೆ ಹಿಡಿಸದಿದ್ದ ಆ ಮುನ್ನುಡಿಯನ್ನೂ ಸೇರಿಸಿದರು. ತನ್ನ ಕಥೆಯ ಒಳಗೆ ಎದುರಾಳಿಯ ಮಾತಿಗೂ ಜಾಗ ಬಿಟ್ಟುಕೊಟ್ಟರು.

ಒಂಟಿ ರಂಗದ ಕಲೆಯ ಬಗ್ಗೆ ನನಗೆ ಹೇಳಬೇಕಾದದ್ದೆಲ್ಲ ಹೆಚ್ಚುಕಡಿಮೆ ಇಲ್ಲಿದೆ. ತನ್ನ ಕಥೆಯನ್ನು ತಾನೇ ಹೇಳುವವರಿಗೆ ‘ಏನು ಹೇಳಲಿ’ ಎನ್ನುವುದು ದೊಡ್ಡ ಪ್ರಶ್ನೆಯಲ್ಲ. ಬದುಕಿದವರೆಲ್ಲರ ಬಳಿಯೂ ಹೇಳುವಷ್ಟು ಇದ್ದೇ ಇರುತ್ತದೆ. ‘ಯಾರಿಗೆ ಹೇಳಲಿ’ ಎನ್ನುವುದು ದೊಡ್ಡದು. ಅದಕ್ಕೆ ಉತ್ತರ ಸಿಗದೆ ರಂಗಕ್ಕೆ ಬಂದ ಏಕವ್ಯಕ್ತಿ ಪ್ರಯೋಗಗಳು ಅಳಲಾಗಿ ಮುಗಿಯುತ್ತವೆ.

ಮಾತಿನ ಮನೆತನ

ಬಂಗಾಳದ ಹಳ್ಳಿಗಳಲ್ಲಿ ಕಥಕ ಠಾಕುರ ಎಂಬವರಿದ್ದರು. ನಮ್ಮ ಹರಿಕಥೆ ದಾಸರ ಹತ್ತಿರದ ನೆಂಟರು. ಎತ್ತರದ ಪೀಠದಲ್ಲಿ ಕೂತು ಭಾಗವತವನ್ನೋ ರಾಮಾಯಣವನ್ನೋ ಹಿಡಿದು, ನಡುನಡುವೆ ಹಾಡಿ, ನಗಿಸಿ, ಅಳಿಸಿ ರಾತ್ರಿ ಕಳೆಯುತ್ತಿದ್ದರು. ಕಾಲಿಗೆ ಗೆಜ್ಜೆ ಕಟ್ಟಿ ಚಿಪಳಿ ಹಿಡಿದ ದಾಸರನ್ನು ಕಂಡ ಕನ್ನಡಿಗರಿಗೆ ಈ ವಿದ್ಯೆಯ ಗುಟ್ಟು ವಿವರಿಸಬೇಕಿಲ್ಲ. ರಾವಣನಾಗುತ್ತಾ ಆಗುತ್ತಾ ತಟ್ಟನೆ ತಿರುಗಿ ಮುಂದಿನ ಸಾಲಿನ ಅಜ್ಜಿಯನ್ನು ಮಾತಾಡಿಸಿ, ಮರುಕ್ಷಣ ಸೀತೆಯಾಗುವ ಆ ಸಲೀಸು ಎಲ್ಲ ಏಕವ್ಯಕ್ತಿ ನಾಟಕಗಳ ತಾಯಿಬೇರು.

ಕೋಲ್ಕತ್ತದ ಆಧುನಿಕ ರಂಗಭೂಮಿ ಈ ಬೇರಿಗೆ ಮರಳಿದ್ದು ಬಹಳ ತಡವಾಗಿ. 1944ರ ‘ನಬಾನ್ನ’ ನಾಟಕದಿಂದ ಬೆಳಕಿಗೆ ಬಂದ ಶಂಭು ಮಿತ್ರ ಮತ್ತು ತೃಪ್ತಿ ಮಿತ್ರ 1948ರಲ್ಲಿ ಬಹುರೂಪಿ ತಂಡ ಕಟ್ಟಿದವರು. 1954ರಲ್ಲಿ ರವೀಂದ್ರನಾಥ ಠಾಕೂರರ ‘ರಕ್ತಕರಬಿ’ಯನ್ನು ರಂಗಕ್ಕೆ ತಂದು, ಅದು ಓದುವ ನಾಟಕ ಎಂಬ ನಂಬಿಕೆಯನ್ನೇ ಕೆಡವಿದವರು. ಶಂಭು ಮಿತ್ರರ ಹೆಸರಿಗೆ ಕನ್ನಡದ ನಂಟೂ ಇದೆ. 1970ರ ದಶಕದ ಆರಂಭದಲ್ಲಿ ಶ್ಯಾಮಾನಂದ ಜಾಲಾನ್ ನಿರ್ದೇಶಿಸಿದ ಬಂಗಾಳಿ ‘ತುಘಲಕ್’ನಲ್ಲಿ ಗಿರೀಶ ಕಾರ್ನಾಡರ ಸುಲ್ತಾನನಾಗಿ ನಿಂತವರು ಅವರೇ. ಅದೇ ಹೊತ್ತಿಗೆ ತೃಪ್ತಿ ಮಿತ್ರ ನೀತೀಶ್ ಸೇನರ ‘ಅಪರಾಜಿತಾ’ವನ್ನು ಒಬ್ಬರೇ ನಿಂತು ಆಡಿದರು. ಬಂಗಾಳಿ ನಟಿಯೊಬ್ಬಳು ಇಡೀ ಸಂಜೆಯನ್ನು ತನ್ನೊಬ್ಬಳ ಹೆಗಲ ಮೇಲೆ ಹೊತ್ತ ಆ ಪ್ರಯೋಗವನ್ನು ಆ ಊರಿನ ರಂಗಪ್ರೇಮಿಗಳು ಇಂದಿಗೂ ನೆನೆಯುತ್ತಾರೆ.

ಶಂಭು ಮತ್ತು ತೃಪ್ತಿಯವರ ಮಗಳು ಶಾಂವಲಿ ಮಿತ್ರ. ಬಾಲ್ಯದಲ್ಲಿ ಬಹುರೂಪಿಯ ‘ಡಾಕ್‌ಘರ್’ನಲ್ಲಿ ಕಿಟಕಿಯ ಬಳಿ ಕೂತ ಅಮಲ್ ಆದವರು, ಋತ್ವಿಕ್ ಘಟಕರ ಕೊನೆಯ ಚಿತ್ರ ‘ಜುಕ್ತಿ ತಕ್ಕೋ ಆರ್ ಗಪ್ಪೋ’ದಲ್ಲಿ ನೆಲೆ ಕಳಕೊಂಡ ಬಂಗಬಾಲೆಯಾದವರು. 1983ರಲ್ಲಿ ಪಂಚಮ ವೈದಿಕ ತಂಡದಿಂದ ಅವರು ‘ನಾಥವತಿ ಅನಾಥವತ್’ ಬರೆದು, ನಿರ್ದೇಶಿಸಿ, ಆಡಿದರು. ಹಿಂದೆ ಕೂತ ಹಾಡುಗಾರರ ಮೇಳವೊಂದನ್ನು ಬಿಟ್ಟರೆ ರಂಗದ ಮೇಲೆ ಅವರೊಬ್ಬರೇ. ಕಥಕರಾಗಿ ಬರುತ್ತಾರೆ, ಸಭೆಗೆ ನಮಸ್ಕರಿಸಿ ಕಥೆ ಎತ್ತುತ್ತಾರೆ. ನೋಡನೋಡುತ್ತ ದ್ರೌಪದಿಯಾಗುತ್ತಾರೆ, ಯುಧಿಷ್ಠಿರನಾಗುತ್ತಾರೆ, ಹಲ್ಲು ಕಿರಿಯುವ ದುರ್ಯೋಧನನಾಗುತ್ತಾರೆ, ಮತ್ತೆ ಕಥಕರಾಗಿ ನಮ್ಮ ಜೊತೆ ನಿಟ್ಟುಸಿರು ಬಿಡುತ್ತಾರೆ.

ಈ ನಾಟಕದ ಬೀಜ ಮರಾಠಿಯದು. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರ ‘ಯುಗಾಂತ’ಕ್ಕೆ 1968ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಹಾಭಾರತದವರನ್ನು ದೇವರ ಪೀಠದಿಂದ ಇಳಿಸಿ ಮನುಷ್ಯರನ್ನಾಗಿ ನೋಡಿದ ಪುಸ್ತಕ ಅದು. ದ್ರೌಪದಿಯ ಪ್ರಬಂಧದ ಕೊನೆಯಲ್ಲಿ ಕರ್ವೆ ಕಥೆಯನ್ನು ತುಸು ಮುಂದಕ್ಕೆ ಎಳೆಯುತ್ತಾರೆ. ಹಿಮಾಲಯದ ಹಾದಿಯಲ್ಲಿ ಬಿದ್ದ ದ್ರೌಪದಿಯ ಬಳಿಗೆ ಭೀಮ ಬಂದು ಕೂರುತ್ತಾನೆ. ಇಷ್ಟು ವರ್ಷ ತನಗಾಗಿ ನಿಜವಾಗಿ ಮಿಡಿದವನು ಇವನು ಎಂದು ಆಕೆಗೆ ಅರಿವಾಗುವುದು ಆಗ. ಮುಂದಿನ ಜನ್ಮದಲ್ಲಿ ಐವರಲ್ಲಿ ನೀನು ಹಿರಿಯನಾಗು ಎಂದು ಕೇಳಿಕೊಳ್ಳುತ್ತಾಳೆ. ಕುಮಾರವ್ಯಾಸನ ಭೀಮ ಮತ್ತು ದ್ರೌಪದಿಯರನ್ನು ಬಲ್ಲ ಕನ್ನಡ ಓದುಗರಿಗೆ ಇದು ಹೊಸತೆನಿಸದೆ, ತಮಗೆ ಮೊದಲೇ ಗೊತ್ತಿದ್ದ ಮಾತನ್ನೇ ಯಾರೋ ಬಾಯಿಬಿಟ್ಟು ಹೇಳಿದ ಹಾಗೆ ಕೇಳುತ್ತದೆ.

ಆತ್ಮಕಥನದ ಮಾತಿನ ನಡುವೆ ದ್ರೌಪದಿ ಏಕೆ ಬಂದಳು ಎಂದು ಕೇಳಬಹುದು. ಶಾಂವಲಿ ಮಿತ್ರ ರಂಗದ ಮೇಲೆ ತಮ್ಮ ಮನೆಯ ಕಥೆ ಹೇಳಲಿಲ್ಲ. ದೊಡ್ಡ ತಂದೆ, ದೊಡ್ಡ ತಾಯಿ, ಅವರಿಬ್ಬರೂ ಬೇರೆಯಾದ ಮನೆ: ಹೇಳಬೇಕೆಂದಿದ್ದರೆ ಕೋಲ್ಕತ್ತ ಕಿವಿಗೊಟ್ಟು ಕೇಳುತ್ತಿತ್ತು. ಅವರು ಆರಿಸಿಕೊಂಡದ್ದು ದ್ರೌಪದಿ ‘ನಾನು’ ಎಂದು ಮಾತಾಡುವ ಕಥೆಯನ್ನು. ಅದಕ್ಕೂ ನೂರೊಂಬತ್ತು ವರ್ಷಗಳ ಹಿಂದೆ ಅದೇ ಊರಿನಲ್ಲಿ ದ್ರೌಪದಿಯ ಸಖಿಯಾಗಿ ಒಂದೆರಡು ಮಾತಾಡಿ ಒಳಗೆ ಹೋದ ಹುಡುಗಿಯನ್ನು ನೆನೆದರೆ, ನಡುವಿನ ದಾರಿ ಎಷ್ಟು ದೂರದ್ದೆಂದು ತಿಳಿಯುತ್ತದೆ.

‘ಯಾರಿಗೆ ಹೇಳಲಿ’ ಎಂಬುದಕ್ಕೆ ಶಾಂವಲಿ ಕಂಡುಕೊಂಡ ಉತ್ತರವೇ ಈ ನಾಟಕದ ಕೆಚ್ಚು ಎಂದು ನಾನು ನಂಬುತ್ತೇನೆ. ದ್ಯೂತಸಭೆಯಲ್ಲಿ ದ್ರೌಪದಿ ಒಂದು ಪ್ರಶ್ನೆ ಕೇಳಿದಳು: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ಭೀಷ್ಮರಿದ್ದರು, ದ್ರೋಣರಿದ್ದರು, ವಿದುರನಿದ್ದ. ನೇರ ಉತ್ತರ ಬರಲಿಲ್ಲ. ಅಂಥ ಸಭೆಯ ಮುಂದೆ ಕೇಳಿದ ಪ್ರಶ್ನೆಯನ್ನು ಒಬ್ಬಳೇ ನಟಿ ಅಕಾಡೆಮಿ ಆಫ್ ಫೈನ್ ಆರ್ಟ್ಸಿನಂಥ ಮಂದಿರದಲ್ಲಿ, ತುಂಬಿದ ಸಾಲುಗಳ ಕಡೆಗೆ ನೋಡಿ ಮತ್ತೆ ಕೇಳಿದಾಗ, ಆ ಸಭೆಯ ಪೀಠಗಳಲ್ಲಿ ಕೂತಿರುವವರು ನಾವೇ. ರಂಗದ ಮೇಲೆ ಭೀಷ್ಮನ ವೇಷದ ನಟನೊಬ್ಬ ತಲೆ ತಗ್ಗಿಸಿ ಕೂತಿದ್ದರೆ ಅವಮಾನ ಅವನ ಪಾಲಿಗೆ ಹೋಗುತ್ತಿತ್ತು. ರಂಗ ಖಾಲಿಯಿರುವುದರಿಂದ ಅದು ಪ್ರೇಕ್ಷಕನ ತೊಡೆಯ ಮೇಲೆ ಬಂದು ಬೀಳುತ್ತದೆ. ಏಕವ್ಯಕ್ತಿ ರಂಗವನ್ನು ಹಣದ ಕೊರತೆಯ ನಾಟಕ, ನಟರು ಸಿಗದಾಗಿನ ನಾಟಕ ಎಂದು ಹಗುರ ಮಾಡುವವರು ಈ ಒಂದು ದೃಶ್ಯದ ಬಗ್ಗೆ ಯೋಚಿಸಬೇಕು.

ಶಾಂವಲಿ ಮಿತ್ರ 2022ರ ಜನವರಿ 16ರಂದು ತೀರಿಕೊಂಡರು. ತಮ್ಮ ದೇಹವನ್ನು ಮೆರವಣಿಗೆ, ಹೂಹಾರಗಳಿಲ್ಲದೆ ಸದ್ದಿಲ್ಲದೆ ದಹಿಸಬೇಕೆಂದು ಬರೆದಿಟ್ಟಿದ್ದರು. 1997ರಲ್ಲಿ ಅವರ ತಂದೆ ಬಯಸಿದ್ದೂ ಅದನ್ನೇ. ಸುದ್ದಿ ಊರಿಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಪಾತ್ರಗಳ ನಡುವೆ ಸಿಕ್ಕ ‘ನಾನು’

ಇನ್ನು ಉಷಾ ಗಾಂಗುಲಿ. ತನ್ನ ಬದುಕನ್ನು ತಾನೇ ರಂಗಕ್ಕೆ ತಂದ ಕೋಲ್ಕತ್ತದ ನಟಿ ಎಂದರೆ ನನಗೆ ಮೊದಲು ನೆನಪಾಗುವ ಹೆಸರು ಇದು. ಹುಟ್ಟಿದ್ದು 1945ರಲ್ಲಿ ಜೋಧಪುರದಲ್ಲಿ, ಮನೆತನ ಉತ್ತರಪ್ರದೇಶದ್ದು, ಮಾತು ಹಿಂದಿ. ಕಲಿತ ಮೊದಲ ಕಲೆ ಭರತನಾಟ್ಯ. ಕೋಲ್ಕತ್ತಕ್ಕೆ ಬಂದು ಹಿಂದಿ ಸಾಹಿತ್ಯದಲ್ಲಿ ಎಂ.ಎ. ಮಾಡಿ, 1970ರಲ್ಲಿ ಕಾಲೇಜಿನಲ್ಲಿ ಪಾಠ ಹೇಳಲು ಆರಂಭಿಸಿದರು. ಅದೇ ವರ್ಷ ‘ಮಿಟ್ಟಿ ಕಿ ಗಾಡಿ’ಯ ವಸಂತಸೇನೆಯಾಗಿ ರಂಗಕ್ಕೆ ಬಂದರು. 1976ರಲ್ಲಿ ರಂಗಕರ್ಮಿ ತಂಡ ಕಟ್ಟಿದರು. ಬಂಗಾಳಿಯೇ ಉಸಿರಾದ ಊರಿನಲ್ಲಿ ಹಿಂದಿಯಲ್ಲಿ ನಾಟಕ ಮಾಡಿ, ಬಂಗಾಳಿಗಳೇ ಟಿಕೆಟ್ಟಿಗೆ ಸಾಲು ನಿಲ್ಲುವ ಹಾಗೆ ಮಾಡಿದ್ದು ಸಣ್ಣ ಸಾಧನೆಯಲ್ಲ. ಪರಭಾಷೆಯ ಊರಿನಲ್ಲಿ ಕನ್ನಡ ನಾಟಕವಾಡಿಸಲು ಒದ್ದಾಡಿದ ಮುಂಬೈ, ದೆಹಲಿ, ಚೆನ್ನೈನ ಕನ್ನಡಿಗರಿಗೆ ಇದರ ಬೆಲೆ ಗೊತ್ತು.

ಆರಂಭದ ವರ್ಷಗಳಲ್ಲಿ ರಂಗಕರ್ಮಿ ಹೊರಗಿನ ನಿರ್ದೇಶಕರನ್ನು ಕರೆಸುತ್ತಿತ್ತು. ಇಬ್ಸೆನ್‌ನ ನೋರಾಳನ್ನು ‘ಗುಡಿಯಾ ಘರ್’ನಲ್ಲಿ ಉಷಾ ಆಡಿದಾಗ ನಿರ್ದೇಶಿಸಿದವರು ತೃಪ್ತಿ ಮಿತ್ರ. ‘ಅಪರಾಜಿತಾ’ವನ್ನು ಒಬ್ಬರೇ ಹೊತ್ತ ಆ ತೃಪ್ತಿ ಮಿತ್ರ. ಈ ಕಲೆಗೆ ವಂಶಾವಳಿ ಎಂಬುದಿದ್ದರೆ ಅದು ಹೀಗೆ ಕೈಯಿಂದ ಕೈಗೆ ದಾಟಿದ್ದು. ಆಮೇಲೆ ‘ಮಹಾಭೋಜ್’, ‘ಲೋಕಕಥಾ’, ‘ಹೋಲಿ’, ‘ಕೋರ್ಟ್ ಮಾರ್ಷಲ್’ ಬಂದವು. 1992ರ ಹೊತ್ತಿಗೆ ಮಹಾಶ್ವೇತಾ ದೇವಿಯವರ ಕಥೆಯನ್ನು ಆಧರಿಸಿದ ‘ರುದಾಲಿ’ ಬಂತು. ಬ್ರೆಖ್ಟ್‌ನ ‘ಮದರ್ ಕರೇಜ್’ ನಾಟಕದ ತಾಯಿ ‘ಹಿಮ್ಮತ್ ಮಾಯಿ’ಯಾದಳು.

‘ರುದಾಲಿ’ಯ ಶನಿಚರಿ ನನಗೆ ಈ ಲೇಖನದ ಉದ್ದಕ್ಕೂ ಬೆನ್ನು ಹತ್ತಿದ ಹೆಣ್ಣು. ಅತ್ತೆ ಸತ್ತಳು, ಗಂಡ ಸತ್ತ, ಮಗ ಸತ್ತ. ಶನಿಚರಿಗೆ ಅಳಲು ಪುರುಸೊತ್ತೇ ಸಿಗಲಿಲ್ಲ. ಹೆಣ ಸಾಗಿಸುವ ಖರ್ಚು, ಮಾಡಿದ ಸಾಲ, ಮರುದಿನದ ಕೂಲಿ ಇವೇ ಕಣ್ಣೀರನ್ನು ಕುಡಿದವು. ಕೊನೆಗೆ ಆಕೆ ಹೊಟ್ಟೆಪಾಡಿಗೆ ಜಮೀನ್ದಾರರ ಹೆಣಗಳ ಮುಂದೆ ಎದೆ ಬಡಿದುಕೊಂಡು ಅಳುವವಳಾಗುತ್ತಾಳೆ. ಸ್ವಂತ ದುಃಖಕ್ಕೆ ಬಾರದ ಅಳು ಪರರ ಸಾವಿಗೆ ಬರುತ್ತದೆ. ನಟನ ಕೆಲಸದ ಅತಿ ಕಠೋರ ಚಿತ್ರ ಇದಕ್ಕಿಂತ ಬೇರೆ ಬೇಕೆ? ನಟಿ ದಿನವೂ ಮಾಡುವುದು ಅದನ್ನೇ: ಇನ್ನೊಬ್ಬಳ ನೋವಿಗೆ ತನ್ನ ಗಂಟಲು ಕೊಡುವುದು. ಹಾಗೆ ವರ್ಷಗಟ್ಟಲೆ ಕೊಟ್ಟ ಗಂಟಲು ಒಂದು ದಿನ ತನ್ನ ಮಾತಾಡಬೇಕೆಂದರೆ ಎಲ್ಲಿಂದ ಆರಂಭಿಸಬೇಕು?

ಉಷಾ ಗಾಂಗುಲಿಯವರ ಏಕವ್ಯಕ್ತಿ ಪ್ರಯೋಗ ‘ಅಂತರ್ಯಾತ್ರಾ’ ಈ ಪ್ರಶ್ನೆಗೆ ಕೊಟ್ಟ ಉತ್ತರ. ಅದರಲ್ಲಿ ಅವರು ತಮ್ಮ ಬದುಕನ್ನು ತಾವು ಆಡಿದ ಹೆಣ್ಣುಗಳ ಜೊತೆ ಹೆಣೆದರು. ನಾನು ಇಂಥಲ್ಲಿ ಹುಟ್ಟಿದೆ, ಇಂಥದ್ದನ್ನು ಕಂಡೆ ಎಂಬ ನೇರ ವರದಿಯ ಬದಲು, ಪಾತ್ರಗಳಾಗಿ ಬಂದು ಹೋದವರ ನಡುವೆ ನಿಂತು, ಇವರಲ್ಲಿ ನಾನೆಷ್ಟು, ನನ್ನಲ್ಲಿ ಇವರೆಷ್ಟು ಎಂದು ತೂಗಿದರು. ಇದು ನನಗೆ ಬಹಳ ಪ್ರಾಮಾಣಿಕ ದಾರಿಯಾಗಿ ಕಾಣುತ್ತದೆ. ಮೂವತ್ತು ವರ್ಷ ಪಾತ್ರವಾಗಿ ಬದುಕಿದವರು ವೇಷ ಕಳಚಿ ‘ಇದೋ ನಿಜವಾದ ನಾನು’ ಎಂದರೆ ಅದೂ ಇನ್ನೊಂದು ವೇಷವೇ ಆಗುವ ಅಪಾಯವಿದೆ. ಕಳಚಲಾರದ ವೇಷಗಳನ್ನು ಹೆಸರು ಹಿಡಿದು ಕರೆದು ಮಾತಾಡಿಸುವುದರಲ್ಲಿ ಸುಳ್ಳಿಗೆ ಜಾಗ ಕಡಿಮೆ. ಬಿನೋದಿನಿಗೆ ಮಹಾಶಯ, ಶಾಂವಲಿಗೆ ಸಭೆ; ಉಷಾ ಗಾಂಗುಲಿಗೆ ಕೇಳುಗರು ಅವರದೇ ಪಾತ್ರಗಳು.

ಈ ಹಳೆಯ ಹೆಸರುಗಳನ್ನು ಅವರು ಮರೆತವರಲ್ಲ. ರಂಗಕರ್ಮಿಯ ಪುಟ್ಟ ಸ್ಟುಡಿಯೋ ರಂಗಕ್ಕೆ ಇಟ್ಟ ಹೆಸರು ಬಿನೋದಿನಿ–ಕೇಯಾ ಮಂಚ. ಕೇಯಾ ಚಕ್ರವರ್ತಿ ನಾಂದೀಕಾರ್ ತಂಡದ ನಟಿ. ನಾಟಕಕ್ಕಾಗಿ ಕಾಲೇಜಿನ ಕೆಲಸ ಬಿಟ್ಟವರು. 1977ರಲ್ಲಿ ಸಿನಿಮಾ ಚಿತ್ರೀಕರಣದ ವೇಳೆ ಗಂಗೆಯಲ್ಲಿ ಮುಳುಗಿ ಸತ್ತಾಗ ಇನ್ನೂ ಮೂವತ್ತರ ಹರೆಯ. ಮಂದಿರಕ್ಕೆ ಬಿನೋದಿನಿಯ ಹೆಸರಿಡಲು ಸರ್ಕಾರದ ಪ್ರಕಟಣೆ ಬರುವ ಎಷ್ಟೋ ಮೊದಲು, ಇನ್ನೊಬ್ಬ ನಟಿ ತನ್ನ ಕೈಲಾದಷ್ಟು ದೊಡ್ಡ ಜಾಗಕ್ಕೆ ಆ ಹೆಸರನ್ನು ಇಟ್ಟಿದ್ದರು ಎಂಬುದನ್ನು ಇಲ್ಲಿ ದಾಖಲಿಸಲೇಬೇಕು. ಉಷಾ ಗಾಂಗುಲಿ 2020ರ ಏಪ್ರಿಲ್ 23ರಂದು, ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ, ಕೋಲ್ಕತ್ತದ ತಮ್ಮ ಮನೆಯಲ್ಲಿ ತೀರಿಕೊಂಡರು.

ಗಂಡಸರು ಈ ಕ್ಷೇತ್ರದಲ್ಲಿ ಇಲ್ಲವೆಂದಲ್ಲ. ಬಿನೋದಿನಿ ಏಳು ಪಾತ್ರ ಮಾಡಿದ ಅದೇ ‘ಮೇಘನಾದವಧ ಕಾವ್ಯ’ವನ್ನು ಗೌತಮ್ ಹಾಲ್ದಾರ್ ಒಬ್ಬರೇ ಹಾಡಿ, ಕುಣಿದು, ಗರ್ಜಿಸಿ ಆಡಿದ ಪ್ರಯೋಗ ಬಹಳ ಹೆಸರಾದದ್ದು. ಅಮೆರಿಕದಲ್ಲಿ ಸ್ಪಾಲ್ಡಿಂಗ್ ಗ್ರೇ ಒಂದು ಮೇಜು, ಒಂದು ಲೋಟ ನೀರು, ಒಂದು ಟಿಪ್ಪಣಿ ಪುಸ್ತಕ ಇಟ್ಟುಕೊಂಡು ತನ್ನ ಬದುಕನ್ನೇ ಸಂಜೆಗಟ್ಟಲೆ ಹೇಳಿ ಆತ್ಮಕಥನದ ರಂಗಕ್ಕೆ ಹೊಸ ಹಾದಿ ತೆರೆದ. ಅವನು ಎದುರಿಗಿದ್ದವರನ್ನು ಗೆಳೆಯರೆಂದು ನಂಬಿ ಮಾತಾಡಬಲ್ಲವನಾಗಿದ್ದ. ಕೋಲ್ಕತ್ತದ ಈ ಹೆಂಗಸರಿಗೆ ಆ ನಂಬಿಕೆ ಹುಟ್ಟಿನಿಂದ ಸಿಕ್ಕದ್ದಲ್ಲ. ಕೇಳುಗನನ್ನು ಮೊದಲು ಕಟ್ಟಿಕೊಂಡು ಆಮೇಲೆ ಮಾತು ತೆಗೆಯಬೇಕಾಯಿತು.

ನಮ್ಮ ಕಡೆ

ಕನ್ನಡದಲ್ಲಿ ಏಕವ್ಯಕ್ತಿ ಪ್ರಯೋಗಗಳಿಗೆ ಈಗ ಒಳ್ಳೆಯ ಕಾಲ. ಲಕ್ಷ್ಮಿ ಚಂದ್ರಶೇಖರ್ ವರ್ಷಗಳ ಹಿಂದೆಯೇ ಕಂಬಾರರ ಸಿಂಗಾರೆವ್ವನನ್ನು ಒಬ್ಬರೇ ಆಡಿ ದಾರಿ ಮಾಡಿದ್ದರು. ಉಮಾಶ್ರೀ ‘ಶರ್ಮಿಷ್ಠೆ’ಯಾಗಿ ಊರೂರು ಸುತ್ತಿದರು. ದು. ಸರಸ್ವತಿ ‘ಸಣ್ತಿಮ್ಮಿ ರಾಮಾಯಣ’ವನ್ನು ತಮ್ಮದೇ ನುಡಿಯಲ್ಲಿ ಹೇಳಿದರು. ಕಾರ್ನಾಡರು 2005ರಲ್ಲಿ ‘ಒಡಕಲು ಬಿಂಬ’ದಲ್ಲಿ ‘ಯಾರಿಗೆ ಹೇಳಲಿ’ ಎಂಬ ಪ್ರಶ್ನೆಯನ್ನು ತಿರುಗಿಸಿಯೇ ಇಟ್ಟರು. ಮಂಜುಳಾ ನಾಯಕ್ ಎಂಬ ಲೇಖಕಿ ಟಿ.ವಿ. ಸ್ಟುಡಿಯೋದಲ್ಲಿ ತನ್ನ ಬಗ್ಗೆ ಮಾತಾಡಿ ಮುಗಿಸಿ ಎದ್ದು ಹೊರಟಾಗ, ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ತಡೆದು ವಿಚಾರಣೆಗೆ ಕೂರಿಸುತ್ತದೆ. ಅರುಂಧತಿ ನಾಗ್ ಆಡಿದ ಆ ನಾಟಕದಲ್ಲಿ ಕೇಳುವವಳೂ ತಾನೇ. ಆ ಕಿವಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳಲಾಗದು.

ನಮ್ಮಲ್ಲಿ ಕಥೆಗಳಿಗೆ ಬರವಿಲ್ಲ. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಭೀಮನಾಗಿ, ಕಂಸನಾಗಿ, ರಾವಣನಾಗಿ ಗಂಡಸರ ಕಂಪನಿಗಳಿಗೇ ಸಡ್ಡು ಹೊಡೆದ ಆರ್. ನಾಗರತ್ನಮ್ಮನವರ ಬದುಕೊಂದೇ ಸಾಲದೆ? ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ತಮ್ಮ ಬದುಕನ್ನು ‘ಕಣ್ಣಾಮುಚ್ಚೇ ಕಾಡೇಗೂಡೇ’ ಎಂಬ ಪುಸ್ತಕವಾಗಿಸಿದ್ದಾರೆ. ಇಂಥ ಪುಸ್ತಕಗಳು ರಂಗದ ಮೇಲೆ ಅವರವರ ಬಾಯಲ್ಲೇ ಬರಬೇಕೆಂಬುದು ನನ್ನ ಆಸೆ. ವೃತ್ತಿರಂಗಭೂಮಿಯ ಹಿರಿಯ ನಟಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಗೆ ಸನ್ಮಾನದ ಶಾಲಿಗಿಂತ ಒಂದು ಸಂಜೆ, ಒಂದು ರಂಗ, ಒಂದಿಷ್ಟು ಕಿವಿಗಳು ಬೇಕು.

ಆ ಆಸೆ ಈಗಾಗಲೇ ಕೈಗೂಡಿದ್ದೂ ಇದೆ: ಎ. ರೇವತಿಯವರ ಬದುಕು ಎರಡು ಬಗೆಯಲ್ಲಿ ರಂಗ ಕಂಡಿದೆ. ತಮಿಳುನಾಡಿನ ನಾಮಕ್ಕಲ್ ಸೀಮೆಯ ಹಳ್ಳಿಯಲ್ಲಿ ಗಂಡುಮಗುವೆಂದು ಹುಟ್ಟಿ, ಹೆಣ್ಣಾಗಿ ತನ್ನನ್ನು ಕಂಡುಕೊಂಡು, ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ದುಡಿದವರು ರೇವತಿ. ಅವರ ಆತ್ಮಕಥೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು, ಎಂ. ಗಣೇಶ್ ನಿರ್ದೇಶನದಲ್ಲಿ ಜನಮನದಾಟ ತಂಡ ಅದನ್ನು ರಂಗಕ್ಕೆ ತಂದು ಕರ್ನಾಟಕದ ಊರೂರಿಗೆ ಒಯ್ದಿತು. ಅಲ್ಲಿ ರೇವತಿಯ ಬದುಕನ್ನು ಹಲವರು ಹಂಚಿಕೊಂಡು ಹೊತ್ತರು. ತಮಿಳಿನಲ್ಲಿ ಎ. ಮಂಗೈ ಅವರ ಜೊತೆ ರೂಪಿಸಿದ ‘ವೆಳ್ಳೈ ಮೊಳಿ’ಯಲ್ಲಿ ರೇವತಿ ತಾವೇ ರಂಗಕ್ಕೆ ಬಂದು ತಮ್ಮ ಬದುಕನ್ನು ನುಡಿದರು. ಆ ಪುಸ್ತಕದಲ್ಲಿ ಹೊಡೆದ ಅಣ್ಣನಿದ್ದಾನೆ, ಹಿಂಸಿಸಿದ ಪೊಲೀಸನಿದ್ದಾನೆ, ಮನೆಗೆ ಸೇರಿಸಲೋ ಬೇಡವೋ ಎಂದು ತೊಳಲಾಡುವ ತಾಯಿಯಿದ್ದಾಳೆ. ತಂಡದ ನಾಟಕದಲ್ಲಾದರೆ ಅಣ್ಣನ ಪಾತ್ರಕ್ಕೆ ಬೇರೊಬ್ಬ ನಟ ಸಿಗುತ್ತಾನೆ. ಒಬ್ಬರೇ ಹೇಳುವಾಗ ಅಣ್ಣನ ಬೈಗುಳಕ್ಕೂ ತನ್ನದೇ ನಾಲಗೆ ಬೇಕು, ತಾಯಿಯ ತೊಳಲಾಟಕ್ಕೂ ತನ್ನದೇ ಕಣ್ಣು ಬೇಕು. ಹೊಡೆದವನು ಏಕೆ ಹೊಡೆದ ಎಂಬುದನ್ನು ಅವನ ಕಡೆಯಿಂದ ಒಂದು ಗಳಿಗೆ ನಿಂತು ನೋಡದೆ ಆ ಮಾತು ಬಾಯಿಗೆ ಬರುವುದಿಲ್ಲ. ಮುನ್ನುಡಿ ಹಿಡಿಸದಿದ್ದರೂ ಅಚ್ಚು ಹಾಕಿಸಿದ ಬಿನೋದಿನಿ ಮಾಡಿದ್ದೂ, ದುರ್ಯೋಧನನಿಗೆ ತನ್ನ ಗಂಟಲು ಕೊಟ್ಟ ಶಾಂವಲಿ ಮಾಡಿದ್ದೂ ಇದೇ ಕೆಲಸ. ರೇವತಿ ಅದನ್ನು ಪುರಾಣದ ಮರೆಯಿಲ್ಲದೆ, ಅಣ್ಣ ಇನ್ನೂ ಅಣ್ಣನೇ ಆಗಿರುವಾಗ ಮಾಡಿದರು.